ಸಂಪಾಜೆ ಘಾಟಿ ಬಂದ್ ಆದ ದಿನ ಮೂರ್ನಾಡಿಗೆ ಹೋದೆವು: ಮಳೆಗಾಲದಲ್ಲಿ ಹೀಗೆ ಹಳೇ ಗೆಳೆಯರ ಮನೆ ಸೇರಿದವರು ಯಾರಾದರೂ ಇದ್ದೀರಾ?

ಘಟ್ಟದ_ಕೆಳಗಿನವಳು

ಎಲ್ಲರಿಗೂ ನಮಸ್ಕಾರ. ಮಳೆಗಾಲ ಬಂತೆಂದರೆ ನಾವೆಲ್ಲ ಕೇಳುವುದು ಒಂದೇ: ಮಡಿಕೇರಿಯಿಂದ ಪುತ್ತೂರು ಕಡೆಗೆ ಇಳಿಯುವ ಸಂಪಾಜೆ ಘಾಟಿ ತೆರೆದಿದೆಯಾ, ಮುಚ್ಚಿದೆಯಾ? ಈ ಸಲ ಮುಚ್ಚಿದ ಘಾಟಿಯಿಂದ ನನಗೆ ಏನಾಯಿತು ಅಂತ ಬರೆಯುತ್ತೇನೆ. ಸ್ವಲ್ಪ ಉದ್ದವಾಗಬಹುದು, ಪುರುಸೊತ್ತಿದ್ದಾಗ ಓದಿ.

ಮೈಸೂರಿನಲ್ಲಿ ಅಮ್ಮನ ಕಣ್ಣಿನ ತಪಾಸಣೆ ಮುಗಿಸಿ ಪುತ್ತೂರಿಗೆ ಹೊರಟಿದ್ದೆವು. ಆಗಸ್ಟ್ ಶುರು, ಕಕ್ಕಡ ತಿಂಗಳ ಮಳೆ. ಪಿರಿಯಾಪಟ್ಟಣದವರೆಗೆ ಬರೀ ಮೋಡ. ಕುಶಾಲನಗರದ ಸೇತುವೆ ದಾಟುವಾಗ ಕಾವೇರಿ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ಸುಂಟಿಕೊಪ್ಪ ಕಳೆದ ಮೇಲೆ ಎದುರಿನ ರಸ್ತೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಮಡಿಕೇರಿಯಲ್ಲಿ ಬಸ್ಸು ನಿಂತದ್ದೇ ಕಂಡಕ್ಟರ್ ಎದ್ದು ಹೇಳಿದರು, ಮದೆನಾಡಿನಿಂದ ಕೆಳಗೆ ಬರೆ (ರಸ್ತೆ ಬದಿಯ ಗುಡ್ಡದ ಮಣ್ಣು) ಕುಸಿದಿದೆ, ಮರವೂ ಅಡ್ಡ ಬಿದ್ದಿದೆ, ಬೆಳಗಾಗುವವರೆಗೆ ಒಂದು ಗಾಡಿಯನ್ನೂ ಬಿಡುವುದಿಲ್ಲ ಅಂತ.

ಬಸ್ಸಿನಲ್ಲಿದ್ದವರೆಲ್ಲ ಫೋನ್ ಹಿಡಿದು ಇಳಿದರು. ಹಿಂದಕ್ಕೆ ಹೋಗಿ ಹಾಸನ, ಸಕಲೇಶಪುರ, ಶಿರಾಡಿ ಮೇಲೆ ಇಳಿಯೋಣ ಎಂದರೆ ಎಪ್ಪತ್ತು ದಾಟಿದ ಅಮ್ಮನನ್ನು ರಾತ್ರಿಯಿಡೀ ಕೂರಿಸಿಕೊಂಡು ಹೋಗಬೇಕು. ಹತ್ತಿರದ ಲಾಡ್ಜ್‌ಗಳಲ್ಲಿ ರೂಮು ಇರಲಿಲ್ಲ. ಅಷ್ಟರಲ್ಲಿ ಅಮ್ಮನೇ ಕೇಳಿದರು, "ನಿನ್ನ ಮೂರ್ನಾಡಿನವಳು ಇಲ್ಲೇ ಅಲ್ವಾ ಇರುದು? ಕೊಕ್ಕೆತಾತಿ ಸರ ಹಾಕ್ಕೊಂಡು ನಿನ್ನ ಮದುವೆಗೆ ಬಂದಿದ್ದಳಲ್ಲ, ಅವಳು."

ಮಡಿಕೇರಿಯಲ್ಲಿ ಡಿಗ್ರಿ ಓದುವಾಗ ನಾವು ಮೂವರು ಒಂದೇ ರೂಮಿನಲ್ಲಿದ್ದವರು. ಒಬ್ಬಳು ಕೊಡವರವಳು, ಮದುವೆಯಾಗಿ ಮೂರ್ನಾಡಿನ ಹತ್ತಿರದ ತೋಟದ ಮನೆಗೆ ಹೋದಳು. ಇನ್ನೊಬ್ಬಳು ಅರೆಭಾಷೆ ಗೌಡರವಳು, ಚೇರಂಬಾಣೆ ಕಡೆ. ನಾನು ಘಟ್ಟ ಇಳಿದು ಬ್ಯಾಂಕ್ ಕೆಲಸ ಸೇರಿದೆ. ಹುತ್ತರಿಗೆ, ದೀಪಾವಳಿಗೆ ಸಂದೇಶ ಬರುತ್ತಿತ್ತು, ಹೋಗುತ್ತಿತ್ತು. ಮುಖ ನೋಡಿ ಮಾತ್ರ ಬಹಳ ಕಾಲವಾಗಿತ್ತು.

ಫೋನ್ ಮಾಡಿದರೆ ಸಿಗಲಿಲ್ಲ. ಆ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ವಿರಾಜಪೇಟೆ ಕಡೆಗೆ ಹೊರಟಿದ್ದ ಖಾಸಗಿ ಬಸ್ಸಿಗೆ ಅಮ್ಮನನ್ನು ಹತ್ತಿಸಿದೆ. ಮೇಕೇರಿ, ಹಾಕತ್ತೂರು ಕಳೆದು ಮೂರ್ನಾಡಿನಲ್ಲಿ ಇಳಿದಾಗ ಕತ್ತಲಾಗಿತ್ತು. ಒಂದು ದಿನಸಿ ಅಂಗಡಿಯಲ್ಲಿ ಗೆಳತಿಯ ಮನೆ ಹೆಸರು ಹೇಳಿದೆ. ಅಂಗಡಿಯವರು ಮರುಪ್ರಶ್ನೆ ಕೇಳಲಿಲ್ಲ. "ಅವರ ಮನೆಗಾ? ಕೂತ್ಕೊಳ್ಳಿ ಅಮ್ಮ, ಪಿಕಪ್ ಆ ಕಡೆಗೇ ಹೋಗುದು" ಎಂದರು. ಪಿಕಪ್‌ನ ಹುಡುಗ ತೋಟದ ದಾರಿಯ ಕೊನೆಯವರೆಗೂ ತಂದು ಬಿಟ್ಟ. ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ತೆಗೆದ.

ಟಾರ್ಚ್ ಹಿಡಿದು ಹೊರಗೆ ಬಂದವಳು ಮೊದಲು ನೋಡಿದ್ದು ಅಮ್ಮನನ್ನು. "ಅಯ್ಯೋ, ಅಮ್ಮನನ್ನು ಕರಕೊಂಡು ಈ ಮಳೆಯಲ್ಲಾ! ಒಳಗೆ ಬನ್ನಿ, ಮೊದಲು ಸೀರೆ ಬದಲಿಸಿ, ಮಾತೆಲ್ಲ ಆಮೇಲೆ." ಐದು ನಿಮಿಷದಲ್ಲಿ ಅಮ್ಮ ಅವಳ ಅತ್ತೆಯ ಸೀರೆ ಉಟ್ಟು, ಒಲೆಯ ಮುಂದೆ ಕೂತು, ಬೆಲ್ಲದ ಕಾಫಿ ಕುಡಿಯುತ್ತಿದ್ದರು. ನಮ್ಮ ಒದ್ದೆ ಬಟ್ಟೆಯೆಲ್ಲ ಒಲೆ ಮೇಲಿನ ಹಗ್ಗಕ್ಕೆ ಹೋಯಿತು.

ಆ ರಾತ್ರಿ ಒಲೆಯ ಮೇಲೆ ಒಂದು ದೊಡ್ಡ ಪಾತ್ರೆಯಲ್ಲಿ ಮದ್ದು ಸೊಪ್ಪು ಕುದಿಯುತ್ತಿತ್ತು. ಮಾರನೇ ದಿನ ಕಕ್ಕಡ 18, ಅಂದರೆ ಆಗಸ್ಟ್ 3. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಈ ಗಿಡ ಆ ಹೊತ್ತಿಗೆ ಹದಿನೆಂಟು ಬಗೆಯ ಔಷಧದ ಗುಣ ತುಂಬಿಕೊಂಡಿರುತ್ತದೆ ಅಂತ ಕೊಡಗಿನಲ್ಲಿ ನಂಬಿಕೆ. ಎಲೆ ದಂಟು ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತಾರೆ, ತುಪ್ಪವೋ ಜೇನೋ ಬಿಟ್ಟುಕೊಂಡು ತಿನ್ನುತ್ತಾರೆ. ಅದರ ಪರಿಮಳ ಮನೆಯೆಲ್ಲ ತುಂಬಿತ್ತು.

ಅಮ್ಮ ಪಾತ್ರೆಯೊಳಗೆ ಬಗ್ಗಿ ನೋಡಿ, "ನಮಗೆ ಆಟಿ ಅಮಾಸೆಗೆ ಪಾಲೆ ಮರದ ಕಷಾಯ, ಇವರಿಗೆ ಇದು" ಎಂದರು. ಅಲ್ಲಿಂದ ಇಬ್ಬರು ಮುದುಕಿಯರ ಮಾತು ಶುರುವಾದದ್ದು ನಿಲ್ಲಲೇ ಇಲ್ಲ. ಅತ್ತೆಯವರು ಅರ್ಧ ಕೊಡವ ತಕ್ಕ್, ಅರ್ಧ ಕನ್ನಡ. ಅಮ್ಮ ಅರ್ಧ ತುಳು, ಅರ್ಧ ಕನ್ನಡ. ಪಾಲೆ ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲೇ ತರಬೇಕು, ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು, ಕುಡಿದ ಮೇಲೆ ಹೊಟ್ಟೆ ತಂಪಿಗೆ ಮೆಂತೆ ಗಂಜಿ ಅಂತ ಅಮ್ಮ. ಮದ್ದು ಪಾಯಸ ತಿಂದ ಮಾರನೇ ದಿನ ಮೂತ್ರ ಕೆಂಪಾದರೆ ಗಾಬರಿ ಬೀಳಬೇಡಿ ಅಂತ ಅತ್ತೆ. ಘಟ್ಟದ ಮೇಲೆ ಕಕ್ಕಡ, ಕೆಳಗೆ ಆಟಿ, ತಿಂಗಳು ಒಂದೇ. ಎರಡೂ ಕಡೆ ಶುಭಕಾರ್ಯ ಇಲ್ಲ, ಬಿಡದ ಮಳೆ, ಗದ್ದೆ ಕೆಲಸ. ಕಣ್ಣಿನ ಚಿಂತೆಯಲ್ಲಿ ಮೈಸೂರಿನಲ್ಲಿ ಸರಿಯಾಗಿ ಮಾತೇ ಆಡದಿದ್ದ ಅಮ್ಮ ಅಂದು ಹತ್ತು ಗಂಟೆಯವರೆಗೂ ಮಲಗಲಿಲ್ಲ.

ನಾವಿಬ್ಬರು ಅಡುಗೆಮನೆಯಲ್ಲಿ ಅಕ್ಕಿ ಒಟ್ಟಿ (ರೊಟ್ಟಿ) ಬಡಿಯುತ್ತಾ, ಕೆಂಬು ಸೊಪ್ಪಿನ ಸಾರು ಕುದಿಸುತ್ತಾ ನಿಂತಿದ್ದೆವು. ಚೇರಂಬಾಣೆಯವಳ ಸುದ್ದಿ ಬಂದದ್ದು ಆಗ. ಅದನ್ನು ಬೇರೆಯಾಗಿ ಬರೆಯುತ್ತೇನೆ, ಈಗ ಮಗಳು ಕರೆಯುತ್ತಿದ್ದಾಳೆ.

ಕರಿಮೆಣಸು

ಮನೆ ಹೆಸರು ಹೇಳಿದರೆ ಸಾಕು ಅನ್ನುವುದು ನೂರಕ್ಕೆ ನೂರು ನಿಜ. ನಮ್ಮ ಕಡೆ ಮನೆ ನಂಬರ್ ಕೇಳುವವರು ಕೊರಿಯರ್‌ನವರು ಮಾತ್ರ. ಒಕ್ಕದ (ಮನೆತನದ) ಹೆಸರು, ಅದರ ಮೇಲೆ ಯಜಮಾನರ ಹೆಸರು, ಇಷ್ಟಿದ್ದರೆ ನಾಪೋಕ್ಲುವಿನಿಂದ ಕುಟ್ಟದವರೆಗೆ ಯಾರ ಮನೆಗೆ ಬೇಕಾದರೂ ತಲುಪಬಹುದು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಪಕ್ಕದ ಟೈಲರ್‌ಗೆ ಗೊತ್ತಿರುತ್ತದೆ.

ಮುಂದೆ ಬರೆಯಿರಿ ಅಕ್ಕ, ಕಾಯುತ್ತಿದ್ದೇವೆ.

ಕಕ್ಕಬ್ಬೆ_ಮಳೆ

ಆ ದಿನ ನಮ್ಮಲ್ಲಿ 6 ಇಂಚು 20 ಸೆಂಟ್ (ಇಂಚಿನ ನೂರನೇ ಭಾಗ) ಮಳೆ. ಕಾಫಿ ಕಾಯಿ ಉದುರಿ ನೆಲ ಹಸಿರಾಗಿದೆ. ನೀವು ಅಮ್ಮನನ್ನು ಕರೆದುಕೊಂಡು ಕ್ಷೇಮವಾಗಿ ಮನೆ ಸೇರಿದ್ದು ಓದಿ ಸಮಾಧಾನವಾಯಿತು.

ಘಟ್ಟದ_ಕೆಳಗಿನವಳು

ಮುಂದುವರಿಸುತ್ತೇನೆ.

ಚೇರಂಬಾಣೆಯ ಗೆಳತಿಯ ಯಜಮಾನರು ತೀರಿಕೊಂಡು ವರ್ಷ ಕಳೆದಿತ್ತು. ಸುದ್ದಿ ಬಂದಾಗ ನಾನು ಫೋನ್‌ನಲ್ಲಿ ಮಾತಾಡಿದ್ದೆ. ಮೂರ್ನಾಡಿನವಳು ತಿಥಿಗೆ ಹೋಗಿ ಬಂದಿದ್ದಳು. ಆಮೇಲೆ ಅವಳ ಅತ್ತೆಯ ಕಾಲು ಮುರಿಯಿತು, ಕೊಯ್ಲಿನ ಕಾಲ ಬಂತು, ಮತ್ತೆ ಹೋಗಲು ಆಗಿರಲಿಲ್ಲ. ಬೆಳಿಗ್ಗೆಯೂ ಘಾಟಿ ತೆರೆದಿರಲಿಲ್ಲ. ಅವಳೇ ಹೇಳಿದಳು, "ಹೇಗೂ ನೀನು ಇಲ್ಲೇ ಇದ್ದೀ. ಜೀಪು ತೆಗೀತೇನೆ, ಹೋಗಿ ಬರೋಣ."

ಅಮ್ಮನನ್ನು ಅತ್ತೆಯ ಹತ್ತಿರ ಬಿಟ್ಟು ಹೊರಟೆವು. ಪಾಯಸದ ಡಬ್ಬಿ ನನ್ನ ಮಡಿಲಲ್ಲಿ. ಮಡಿಕೇರಿ ದಾಟಿ ತಾಳತ್‌ಮನೆಯಲ್ಲಿ ಭಾಗಮಂಡಲ ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಬರೆಯಿಂದ ಕೆಂಪು ನೀರು ಧುಮುಕುತ್ತಿತ್ತು, ಗದ್ದೆಗಳಲ್ಲಿ ಪ್ಲಾಸ್ಟಿಕ್ ಹೊದ್ದ ಹೆಂಗಸರು ನಾಟಿ ಹಾಕುತ್ತಿದ್ದರು.

ಚೇರಂಬಾಣೆಯವಳು ಗಂಬೂಟ್ ಹಾಕಿಕೊಂಡು ಕಣದಲ್ಲಿ ಚರಂಡಿ ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಗುದ್ದಲಿ ಹಿಡಿದೇ ನಿಂತಳು. ಮೂವರೂ ಅಲ್ಲೇ ಮಳೆಯಲ್ಲಿ ಅತ್ತೆವು. ಒಳಗೆ ಹೋದ ಮೇಲೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ತಿಥಿಯವರೆಗೆ ಮನೆ ತುಂಬ ಜನ ಇದ್ದರು. ಆಮೇಲೆ ಅವರವರ ತೋಟ, ಅವರವರ ಮಕ್ಕಳು. ಯಾರನ್ನೂ ದೂರ್ತಾ ಇಲ್ಲ. ಆದರೆ ಈ ಮಳೆಗಾಲದಲ್ಲಿ ನನ್ನ ಜೊತೆ ಕೂತು ಊಟ ಮಾಡಿದ್ದು ನೀವೇ ಮೊದಲು."

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ದಿನಾ ಫೋನ್ ಮಾಡುತ್ತಾನೆ, ಒಳ್ಳೆಯ ಹುಡುಗ. ಆದರೂ ಊಟದ ಹೊತ್ತಿಗೆ ಎದುರು ಒಬ್ಬರು ಬೇಕಲ್ಲ.

ಊಟ ಆದ ಮೇಲೆ ಅವಳು ಒಂದು ಪ್ಲಾಸ್ಟಿಕ್ ಕವರ್ ತಂದು ಮುಂದಿಟ್ಟಳು. ಗಂಡನ ಕಾಗದಗಳೆಲ್ಲ ಅದರಲ್ಲಿ: ಠೇವಣಿ ರಶೀದಿ, ಪಾಸ್‌ಬುಕ್, ಸಹಕಾರ ಸಂಘದ ಸಾಲದ ಪತ್ರ, ಜಮೀನಿನ ಆರ್‌ಟಿಸಿ (ಪಹಣಿ). ಗಂಡ ಬರೆದಿಟ್ಟ ಲೆಕ್ಕದ ಪುಸ್ತಕವೂ ಇತ್ತು. ಅದನ್ನು ತೆಗೆದು ನೋಡುವ ಧೈರ್ಯ ಅವಳಿಗೆ ಅದುವರೆಗೆ ಬಂದಿರಲಿಲ್ಲ. ಠೇವಣಿ ಹಣ ತೆಗೆಯಲು ಕೋರ್ಟಿಗೆ ಹೋಗಬೇಕು ಅಂತ ಯಾರೋ ಹೇಳಿದ್ದರಂತೆ, ಹಾಗಾಗಿ ಮುಟ್ಟಿರಲೇ ಇಲ್ಲ. ರಶೀದಿ ನೋಡಿದರೆ ನಾಮಿನಿ ಜಾಗದಲ್ಲಿ ಅವಳದೇ ಹೆಸರಿದೆ!

ಇದು ಬಹಳ ಮನೆಗಳಲ್ಲಿ ಆಗುತ್ತದೆ, ಆದ್ದರಿಂದ ಇಲ್ಲೇ ಬರೆದುಬಿಡುತ್ತೇನೆ. ನಾಮಿನಿ ಹೆಸರು ದಾಖಲಾಗಿದ್ದರೆ ಸಾಮಾನ್ಯವಾಗಿ ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಬ್ಯಾಂಕಿನ ಕ್ಲೇಮ್ ಅರ್ಜಿ ಸಾಕು, ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವಂತಿಲ್ಲ. ದಾಖಲೆ ಸರಿಯಾಗಿದ್ದರೆ ಬ್ಯಾಂಕು 15 ದಿನಗಳ ಒಳಗೆ ಇತ್ಯರ್ಥ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು, ಬೇರೆ ವಾರಸುದಾರರ ಹಕ್ಕು ಅದರಿಂದ ಹೋಗುವುದಿಲ್ಲ. ಜಮೀನಿಗೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವುದು) ಬೇರೆಯೇ ಕೆಲಸ, ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಗೆ ಹೋಗಬೇಕು.

ಮೂವರೂ ನೆಲದ ಮೇಲೆ ಕೂತು ಕಾಗದ ವಿಂಗಡಿಸಿದೆವು. ನಾನು ಅರ್ಜಿಯಲ್ಲಿ ಏನು ಬರೆಯಬೇಕು ಅಂತ ಬರೆದುಕೊಟ್ಟೆ. ಮೂರ್ನಾಡಿನವಳು ತೋಟದ ಲೆಕ್ಕ ಓದಿ, ಯಾರಿಗೆ ಎಷ್ಟು ಕೊಡಬೇಕು, ಮೆಣಸಿನ ವ್ಯಾಪಾರಿಯಿಂದ ಎಷ್ಟು ಬರಬೇಕು ಅಂತ ಬೇರೆ ಹಾಳೆಯಲ್ಲಿ ಗುರುತು ಮಾಡಿದಳು. ಲೆಕ್ಕದ ಪುಸ್ತಕದ ಅಂಚಿನಲ್ಲಿ ಅವಳ ಗಂಡ ದಿನದಿನದ ಮಳೆ ಬರೆದಿಟ್ಟಿದ್ದರು. ಅದನ್ನು ಓದುತ್ತಾ ಅವಳು ಒಂದೆರಡು ಸಲ ನಕ್ಕಳು. "ನೋಡು, ಇಲ್ಲಿ ಮಗ ಹುಟ್ಟಿದ್ದನ್ನೂ ಮಳೆಯ ಪಕ್ಕ ಬರೆದಿದ್ದಾರೆ."

ಫೋನ್‌ನಲ್ಲಿ ಇದು ಯಾವುದೂ ಆಗುತ್ತಿರಲಿಲ್ಲ. "ಹೇಗಿದ್ದೀ" ಅಂತ ನಾನು ಕೇಳುತ್ತಿದ್ದೆ, "ಚೆನ್ನಾಗಿದ್ದೇನೆ" ಅಂತ ಅವಳು ಹೇಳುತ್ತಿದ್ದಳು, ಆ ಕವರ್ ಬೀರುವಿನಲ್ಲೇ ಇರುತ್ತಿತ್ತು.

ಮಧ್ಯಾಹ್ನದ ಮೇಲೆ ಘಾಟಿಯಲ್ಲಿ ಒಂದು ಕಡೆಯಿಂದ ಗಾಡಿ ಬಿಡುತ್ತಿದ್ದಾರೆ ಅಂತ ಸುದ್ದಿ ಬಂತು. ಮೂರ್ನಾಡಿಗೆ ಹೋಗಿ ಅಮ್ಮನನ್ನು ಕರೆದುಕೊಂಡು, ಸಂಜೆಗೆ ಮೊದಲು ಸಂಪಾಜೆ ಇಳಿದೆವು. ಅತ್ತೆಯವರು ಕಾಚಂಪುಳಿಯ (ಅಡುಗೆಗೆ ಹಾಕುವ ಕೊಡಗಿನ ಹುಳಿ) ಒಂದು ಬಾಟಲಿ ಅಮ್ಮನ ಚೀಲಕ್ಕೆ ಹಾಕಿದ್ದರು. ಅಮ್ಮ ಬರುವ ಆಟಿಗೆ ಪಾಲೆ ತೊಗಟೆ ಕಳಿಸುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದಾರೆ.

ನಿಮಗೂ ಹೀಗೆ ಆದದ್ದು ಇದ್ದರೆ ಬರೆಯಿರಿ.

ಬಾಣೆ_ಮನೆ

ನಿಮ್ಮ ಗೆಳತಿಗೆ ಒಂದು ಮಾತು ತಿಳಿಸಿ. ಅವರ ಜಾಗದಲ್ಲಿ ಜಮ್ಮಾ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಇದ್ದರೆ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರು, ಕುಟುಂಬದ ಬೇರೆಯವರ ಹೆಸರೂ ಇರುತ್ತದೆ. ಅಂಥದ್ದರಲ್ಲಿ ಪೌತಿ ಖಾತೆಗೆ ಓಡುವ ಮೊದಲು ಕುಟುಂಬದ ಹಿರಿಯರ ಜೊತೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ನನ್ನ ಅಕ್ಕನ ಮನೆಯಲ್ಲಿ ಹೀಗೆ ಮಾಡಿದ್ದರಿಂದ ಕೆಲಸ ಹಗುರಾಯಿತು.

ನಿಮ್ಮ ಬರಹ ಓದಿ ಅಕ್ಕನಿಗೆ ಫೋನ್ ಮಾಡಿದೆ. ಭಾನುವಾರ ಹೋಗುತ್ತಿದ್ದೇನೆ.

ಸುಂಟಿಕೊಪ್ಪ_ಸೊಸೆ

ಬರಹ ಓದಿ ಕಣ್ಣು ತುಂಬಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೊಂದು ಕಡೆಯ ಮಾತನ್ನೂ ಯಾರಾದರೂ ಆಡಬೇಕು, ನಾನೇ ಆಡುತ್ತೇನೆ.

ನಮ್ಮ ಮನೆ ಹೆದ್ದಾರಿಯಿಂದ ದೂರವಿಲ್ಲ. ಮಳೆಗಾಲದಲ್ಲಿ ರಸ್ತೆ ಮುಚ್ಚಿದಾಗಲೆಲ್ಲ ನಮ್ಮ ಯಜಮಾನರ ಗೆಳೆಯರು, ಮಾವನವರ ಪರಿಚಯದವರು ಬಂದಿಳಿಯುತ್ತಾರೆ. ಕರೆಂಟ್ ಇರುವುದಿಲ್ಲ, ಮಿಕ್ಸಿ ಇಲ್ಲ, ಪಂಪ್ ಓಡದೆ ಟ್ಯಾಂಕ್‌ನಲ್ಲಿ ನೀರಿಲ್ಲ, ಸೌದೆ ಒದ್ದೆ. ಕೆಲಸದವರು ತಮ್ಮ ಮನೆ ಸೋರುತ್ತಿದೆ ಅಂತ ಬಂದಿರುವುದಿಲ್ಲ. ಬಂದವರು ಕಯ್ಯಾಲೆಯಲ್ಲಿ (ಜಗಲಿಯಲ್ಲಿ) ಕೂತು ಹಳೇ ಹಾಕಿ ಮ್ಯಾಚಿನ ಕಥೆ ಹೇಳುತ್ತಾರೆ. ಒಲೆಯ ಮುಂದೆ ಇರುವವಳು ನಾನು. ಗಂಡಸರಿಗೆ ಅದು ಹಳೇ ಸ್ನೇಹ, ನನಗೆ ಎಂಟು ಜನರ ಅಡುಗೆ. ಬರಬೇಡಿ ಎನ್ನುತ್ತಿಲ್ಲ, ಈ ಮಳೆಯಲ್ಲಿ ಯಾರನ್ನಾದರೂ ಬಾಗಿಲಿನಿಂದ ಕಳಿಸಲು ಆಗುತ್ತದಾ? ಆದರೆ "ಅತಿಥಿ ಬಂದರೆ ಮನೆ ತುಂಬಿತು" ಎಂದು ಬರೆಯುವವರು ಆ ಮನೆ ತುಂಬಿಸುವ ಕೈ ಯಾರದು ಅಂತಲೂ ಬರೆಯಲಿ.

ಕರಿಮೆಣಸು

ಅಕ್ಕ, ನಿಮ್ಮ ಮಾತು ಸರಿ. ನಮ್ಮ ಮನೆಯಲ್ಲೂ ಅಮ್ಮನ ಕಥೆ ಇದೇ.

ಘಟ್ಟದ_ಕೆಳಗಿನವಳು

ಸುಂಟಿಕೊಪ್ಪದ ಅಕ್ಕ, ನೀವು ಹೇಳಿದ್ದು ಅಗತ್ಯದ ಮಾತು. ಹೇಳಿದ್ದಕ್ಕೆ ನಿಜವಾಗಿ ಕೃತಜ್ಞಳು.

ಹೆಂಗಸರು ಹೆಂಗಸರ ಮನೆಗೆ ಹೋದಾಗ ಒಂದು ಅನುಕೂಲವಿದೆ, ಒಳಗೆ ಹೋದ ಕೂಡಲೇ ಸೆರಗು ಸಿಕ್ಕಿಸಿ ನಿಲ್ಲುತ್ತೇವೆ. ಅಕ್ಕಿ ಒಟ್ಟಿಯ ಹಿಟ್ಟು ನಾದಿದ್ದು ನಾನು, ಬೇಯಿಸಿದ್ದು ಮೂರ್ನಾಡಿನವಳು. ಪಾತ್ರೆ ತೊಳೆಯುವಾಗಲೇ ನಮ್ಮ ಮುಖ್ಯವಾದ ಮಾತೆಲ್ಲ ಆದದ್ದು. ಅವಳ ಗಂಡನೇ ಹಂಡೆ ಒಲೆಗೆ ಸೌದೆ ಒಡ್ಡಿ ಅಮ್ಮನಿಗೆ ಬಿಸಿನೀರು ತೋಡಿಕೊಟ್ಟರು, ಬೆಳಿಗ್ಗೆ ತೆಂಗಿನಕಾಯಿ ತುರಿದವರೂ ಅವರೇ. ಅದನ್ನು ಮೊದಲೇ ಬರೆಯಬಹುದಿತ್ತು ಅನ್ನಿಸುತ್ತದೆ, ಅದೂ ಆ ಮನೆಯ ಒಳ್ಳೆಯತನದ ಒಂದು ಭಾಗವೇ.

ಗಂಡಸರಿಗೆ ನನ್ನದೂ ಒಂದು ಕೋರಿಕೆ: ಗೆಳೆಯನ ಮನೆಗೆ ಹೋದರೆ ಈರುಳ್ಳಿ ಹೆಚ್ಚಲು ಕೂತುಕೊಳ್ಳಿ. ಹಾಕಿ ಮ್ಯಾಚಿನ ಕಥೆ ಅಡುಗೆಮನೆಯಲ್ಲೂ ಹೇಳಬಹುದು.

ಸುಂಟಿಕೊಪ್ಪ_ಸೊಸೆ

ಇದನ್ನು ನಮ್ಮವರಿಗೆ ಓದಿ ಹೇಳಿದೆ. ಮುಂದಿನ ಸಲ ಬಂದವರಿಗೂ ಹೇಳುತ್ತೇನೆ ಎಂದಿದ್ದಾರೆ. ನೋಡೋಣ.

ಘಾಟಿ_ಚಾಲಕ

ನಾನು ಈ ದಾರಿಯಲ್ಲೇ ಬಸ್ಸು ಓಡಿಸುವವನು. ಪ್ರಯಾಣಿಕರ ಕಡೆಯಿಂದ ಇಷ್ಟು ಸಮಾಧಾನದ ಮಾತು ಓದಿದ್ದು ಅಪರೂಪ, ಅದಕ್ಕೇ ಬರೆಯುತ್ತಿದ್ದೇನೆ.

ರಸ್ತೆ ಮುಚ್ಚಿದ ದಿನ ನಮಗೆ ಕೇಳಿಸುವುದೇ ಬೇರೆ. "ಒಂದು ಮರ ಬಿದ್ದದ್ದಕ್ಕೆ ರಾತ್ರಿಯಿಡೀ ಯಾಕೆ ನಿಲ್ಲಿಸುತ್ತೀರಿ? ಮಳೆ ನಿಂತಿದೆಯಲ್ಲ, ಬಿಡಿ" ಅಂತ. ಮರವನ್ನು ಗರಗಸ ಹಾಕಿ ಒಂದು ಗಂಟೆಯಲ್ಲಿ ಸರಿಸಬಹುದು. ಬರೆ ಹಾಗಲ್ಲ. ಗುಡ್ಡದ ಕಾಲು ಕಡಿದು ರಸ್ತೆ ಮಾಡಿದ್ದು, ಮೇಲಿನ ಮಣ್ಣು ದಿನಗಟ್ಟಲೆ ನೀರು ಕುಡಿದು ಭಾರವಾಗಿರುತ್ತದೆ. ಮಳೆ ನಿಂತ ಮೇಲೂ ಒಳಗಿನ ನೀರು ಇಳಿಯುತ್ತಲೇ ಇರುತ್ತದೆ, ಆಗಲೂ ಕುಸಿಯುತ್ತದೆ. ಹಗಲಿನಲ್ಲಾದರೆ ರಸ್ತೆಯಲ್ಲಿ ಬಿರುಕು ಬಿಟ್ಟದ್ದು, ಚರಂಡಿಯ ನೀರು ಇದ್ದಕ್ಕಿದ್ದಂತೆ ಕೆಂಪಾದದ್ದು, ಸಣ್ಣ ಕಲ್ಲು ಉರುಳಿದ್ದು ಕಣ್ಣಿಗೆ ಬೀಳುತ್ತದೆ. ರಾತ್ರಿ ಮಂಜಿನಲ್ಲಿ ಹೆಡ್‌ಲೈಟ್‌ಗೆ ಏನೂ ಕಾಣುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಏನಾಯಿತು ಅಂತ ನೋಡಿದವರು ಯಾರೂ ರಾತ್ರಿ ಬಿಡಿ ಅಂತ ಕೇಳುವುದಿಲ್ಲ. ಗುಡ್ಡದ ಗುಡ್ಡವೇ ಮನೆಗಳ ಸಮೇತ ಇಳಿದು ಬಂದಿತ್ತು. ಕರ್ತೋಜಿಯ ಹತ್ತಿರ ಆಮೇಲಿನ ವರ್ಷಗಳಲ್ಲೂ ರಸ್ತೆ ಬಿರುಕು ಬಿಟ್ಟಿದೆ.

ಕೈಮುಗಿದು ಕೇಳಿಕೊಳ್ಳುವುದು ಒಂದಿದೆ. ಮೊಬೈಲಿನ ನಕ್ಷೆ ಭಾಗಮಂಡಲ, ಕರಿಕೆ, ಪಾಣತ್ತೂರು ಮೇಲೆ ಸುಳ್ಯಕ್ಕೆ ದಾರಿ ತೋರಿಸುತ್ತದೆ. ದಾರಿ ಇದೆ, ಹಗಲು ಬಿಸಿಲಿನಲ್ಲಿ ಚಂದವೂ ಇದೆ. ಆದರೆ ಕಾಡಿನ ನಡುವಿನ ಕಿರಿದಾದ ತಿರುವುಗಳು. ಕಕ್ಕಡದ ರಾತ್ರಿಯಲ್ಲಿ ಊರು ಗೊತ್ತಿಲ್ಲದವರು ಹೋಗಬೇಡಿ. ಮಾಕುಟ್ಟ ಘಾಟಿಗೂ ಇದೇ ಮಾತು. ಹೋಗಲೇಬೇಕಿದ್ದರೆ ಬೆಳಗಾದ ಮೇಲೆ ಸೋಮವಾರಪೇಟೆ, ಶನಿವಾರಸಂತೆ, ಸಕಲೇಶಪುರ ಮೇಲೆ ಶಿರಾಡಿ ವಿಚಾರಿಸಿಕೊಂಡು ಇಳಿಯಿರಿ. ಅದಕ್ಕಿಂತ ಒಳ್ಳೆಯದು ಈ ಅಕ್ಕ ಮಾಡಿದ್ದು. ಪರಿಚಯದ ಮನೆ ಇದ್ದರೆ ಅಲ್ಲಿ ಉಳಿದುಬಿಡಿ.

ನಿವೃತ್ತ_ಮೇಷ್ಟ್ರು

ಚಾಲಕ ಸಹೋದರರು ಹೇಳಿದ 2018ನ್ನೇ ಹಿಡಿದು ಬರೆಯುತ್ತೇನೆ. ಆ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆಯಿಂದ ನಡೆದುಕೊಂಡು ಬಂದ ಒಂದು ಕುಟುಂಬ ನಮ್ಮ ಮನೆಯಲ್ಲಿ ಉಳಿಯಿತು. ಅದಕ್ಕೆ ಮೊದಲು ನಾವು ಒಬ್ಬರನ್ನೊಬ್ಬರು ನೋಡಿದವರಲ್ಲ. ಅವರ ಹುಡುಗಿ ನಮ್ಮ ಅಯಿಮರದ (ಜಗಲಿಯ ಮರದ ಹಲಗೆ) ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದಳು, ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಈಗ ಅವಳು ನರ್ಸ್. ಹುತ್ತರಿಗೆ ತಪ್ಪದೆ ಬರುತ್ತಾಳೆ. ಅವರು ಕಳೆದುಕೊಂಡದ್ದು ನಮ್ಮಿಂದ ತುಂಬಲಾಗುವಂಥದ್ದಲ್ಲ, ಆದರೂ ನೆಂಟಸ್ತನವೊಂದು ಉಳಿಯಿತು.

ಇನ್ನು ನಾನು ಹುಡುಗನಾಗಿದ್ದ ಕಾಲ. ಕಕ್ಕಡದಲ್ಲಿ ತೋಡು (ಹಳ್ಳ) ತುಂಬಿದರೆ ಪಕ್ಕದ ಊರಿಗೂ ಹೋಗಲಾಗುತ್ತಿರಲಿಲ್ಲ. ಮಡಿಕೇರಿ ಆಕಾಶವಾಣಿ ಬಂದದ್ದೇ 1993ರಲ್ಲಿ, ಅದಕ್ಕೆ ಮೊದಲು ಯಾವ ಹೊಳೆ ಎಲ್ಲಿ ಉಕ್ಕಿದೆ ಅಂತ ತಿಳಿಯುತ್ತಿದ್ದದ್ದು ಬಸ್ಸಿನವರಿಂದ, "ಶಕ್ತಿ" ಪತ್ರಿಕೆಯಿಂದ. ಚೀಟಿ ಬರೆದು ಕಂಡಕ್ಟರ್ ಕೈಗೆ ಕೊಟ್ಟರೆ ತೋಟದ ದಾರಿಯ ಬಾಯಲ್ಲಿ ನಿಂತವರಿಗೆ ಅದು ತಲುಪುತ್ತಿತ್ತು. ಬೇತ್ರಿಯಲ್ಲಿ ಹೊಳೆ ಏರಿತು ಅಂತ ಗೊತ್ತಾದರೆ ನಮ್ಮ ಅವ್ವ ಒಂದು ಸೇರು ಅಕ್ಕಿ ಹೆಚ್ಚು ನೆನೆ ಹಾಕುತ್ತಿದ್ದರು, ವಿರಾಜಪೇಟೆಗೆ ಹೊರಟವರು ಯಾರಾದರೂ ಹಿಂತಿರುಗಿ ಬಂದೇ ಬರುತ್ತಾರೆ ಅಂತ. ಅಟ್ಟದ ಮೇಲೆ ಒಣಗಿದ ಸೌದೆ, ಹಲಸಿನ ಬೀಜ, ಒಣಮೀನು, ಭರಣಿಯಲ್ಲಿ ಬೈಂಬಳೆ (ಕಳಲೆ) ಇರುತ್ತಿತ್ತು. ಬರುವವರ ಲೆಕ್ಕವನ್ನೂ ಸೇರಿಸಿಯೇ ಮಳೆಗಾಲಕ್ಕೆ ಕೂಡಿಡುತ್ತಿದ್ದರು.

ಆದರೆ ಸುಂಟಿಕೊಪ್ಪದ ತಂಗಿ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆಗಿನ ಐನ್‌ಮನೆಯಲ್ಲಿ (ಮನೆತನದ ಮೂಲಮನೆಯಲ್ಲಿ) ಹತ್ತಿಪ್ಪತ್ತು ಜನರಿದ್ದರು, ಅಡುಗೆಮನೆಯಲ್ಲೇ ಐದಾರು ಹೆಂಗಸರು. ಇಬ್ಬರು ಹೆಚ್ಚಾದರೆ ಯಾರಿಗೂ ಭಾರವಾಗುತ್ತಿರಲಿಲ್ಲ. ಈಗ ಒಂದು ಮನೆಯಲ್ಲಿ ಇಬ್ಬರೋ ಮೂವರೋ, ಅವರಲ್ಲಿ ಒಬ್ಬರು ವಯಸ್ಸಾದವರು. ಪದ್ಧತಿ ಹಳೆಯದೇ ಉಳಿಯಬೇಕು, ಕೆಲಸ ಮಾಡುವ ಕೈ ಮಾತ್ರ ಕಡಿಮೆಯಾಗಬೇಕು ಎಂದರೆ ಅದು ಅನ್ಯಾಯ. ಬಂದವರು ಕೈ ಸೇರಿಸಬೇಕು. ಆಗ ಪದ್ಧತಿಯೂ ಉಳಿಯುತ್ತದೆ.

ಘಟ್ಟದ ಕೆಳಗಿನ ಮಗಳೇ, ತಿಥಿ ಮುಗಿದ ಮೇಲೆ ಹೋಗುವ ಭೇಟಿಯೇ ದೊಡ್ಡದು. ನನ್ನ ಹೆಂಡತಿ ಹೋದ ಮೇಲೆ ನನಗೆ ಗೊತ್ತಾಗಿದೆ. ಮೊದಲ ದಿನಗಳಲ್ಲಿ ಬಂದವರ ಮುಖ ಒಂದೂ ನೆನಪಿಲ್ಲ. ಆರು ತಿಂಗಳ ಮೇಲೆ ಬಂದು, ಹೆಚ್ಚು ಮಾತಾಡದೆ ನನ್ನ ಜೊತೆ ಮೆಣಸು ಬಿಡಿಸಲು ಕೂತ ಒಬ್ಬ ಹಳೇ ಸಹೋದ್ಯೋಗಿಯನ್ನು ಮಾತ್ರ ಮರೆಯಲಾರೆ.

ಕಕ್ಕಬ್ಬೆ_ಮಳೆ

ಮೇಷ್ಟ್ರೇ, ಮುಂದಿನ ವಾರ ನಾನು ಮಡಿಕೇರಿಗೆ ಬರುವುದಿದೆ. ನಿಮ್ಮಲ್ಲಿಗೆ ಬರಬಹುದಾ? ಮೆಣಸು ಬಿಡಿಸುವ ಕಾಲ ಅಲ್ಲ, ಬೇರೆ ಏನಾದರೂ ಕೆಲಸ ಇಟ್ಟಿರಿ.

ನಿವೃತ್ತ_ಮೇಷ್ಟ್ರು

ಖಂಡಿತ ಬನ್ನಿ. ಊಟಕ್ಕೇ ಬನ್ನಿ. ಮಂಗಳವಾರ ಬಿಟ್ಟು ಯಾವ ದಿನವಾದರೂ ಸರಿ.

ಕೊಡ್ಲಿಪೇಟೆ_ಮೂಲ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಎಲ್ಲವನ್ನೂ ಓದಿದ ಮೇಲೆ ಕೇಳಬೇಕೆನಿಸಿತು.

ಶನಿವಾರಸಂತೆಯಲ್ಲಿ ನನ್ನ ಬಾಲ್ಯದ ಗೆಳೆಯ ಇದ್ದಾನೆ. ಹೈಸ್ಕೂಲಿನಲ್ಲಿ ಒಂದೇ ಬೆಂಚು, ಒಂದೇ ಹಾಕಿ ತಂಡ. ಮುಂದೆ ಹಣದ ವಿಷಯದಲ್ಲಿ ಮಾತು ಬೆಳೆಯಿತು. ಹಣ ವಾಪಸಾಯಿತು, ಮಾತು ವಾಪಸಾಗಲಿಲ್ಲ. ಊರಿಗೆ ಹೋದಾಗಲೆಲ್ಲ ಅವನ ಮನೆಯ ತಿರುವಿನಲ್ಲಿ ಕಾರು ನಿಧಾನ ಮಾಡುತ್ತೇನೆ, ಮುಂದೆ ಹೋಗುತ್ತೇನೆ. ಅವನ ತಂದೆ ಈಗ ಹಾಸಿಗೆ ಹಿಡಿದಿದ್ದಾರಂತೆ. ಚಿಕ್ಕವನಿದ್ದಾಗ ನನಗೆ ಈಜು ಕಲಿಸಿದವರು ಅವರು. ರಸ್ತೆ ಮುಚ್ಚಿದ್ದರೆ ಒಂದು ನೆಪ ಇರುತ್ತಿತ್ತು. ನಮ್ಮ ಕಡೆ ರಸ್ತೆ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. ಹೇಳದೆ ಹೋದರೆ ಸರಿಯಾಗುತ್ತದಾ?

ಕರಿಮೆಣಸು

ಹೋಗಿ ಅಣ್ಣ. ಹಿರಿಯರನ್ನು ನೋಡಲು ಬಂದೆ ಎನ್ನಿ, ಅದಕ್ಕಿಂತ ಬೇರೆ ಕಾರಣ ಯಾಕೆ ಬೇಕು?

ಸುಂಟಿಕೊಪ್ಪ_ಸೊಸೆ

ಹೇಳದೆ ಹೋಗಬೇಡಿ. ಹಾಸಿಗೆ ಹಿಡಿದವರಿರುವ ಮನೆ. ಅವರನ್ನು ಮಗ್ಗುಲು ಬದಲಿಸುವ, ಮೈ ಒರೆಸುವ ಹೊತ್ತು ಅಂತ ಇರುತ್ತದೆ. ನಿಮ್ಮ ಗೆಳೆಯನಿಗೆ ಫೋನ್ ಮಾಡಲು ಸಂಕೋಚವಾದರೆ ಅವರ ಮನೆಯವರಿಗೆ ಮಾಡಿ. "ಮಾವನವರನ್ನು ನೋಡಬೇಕಿತ್ತು, ಯಾವ ಹೊತ್ತಿಗೆ ಬಂದರೆ ನಿಮಗೆ ತೊಂದರೆ ಆಗುವುದಿಲ್ಲ" ಅಂತ ಕೇಳಿ. ಹೀಗೆ ಕೇಳಿದವರನ್ನು ಯಾವ ಹೆಂಗಸೂ ಬೇಡ ಅನ್ನುವುದಿಲ್ಲ. ಸೇಬಿನ ಚೀಲ ಹಿಡಿದುಕೊಂಡು ಹೋಗಬೇಡಿ, ಏನು ತರಲಿ ಅಂತ ಅವರನ್ನೇ ಕೇಳಿ. ಮಲಗಿದವರ ಮನೆಯಲ್ಲಿ ಬೇಕಾದ್ದು ಬೇರೆಯೇ ಇರುತ್ತದೆ.

ಘಟ್ಟದ_ಕೆಳಗಿನವಳು

ಅಕ್ಕ ಹೇಳಿದ ಹಾಗೆ ಮಾಡಿ. ಹಳೇ ಹಣದ ಮಾತು ಅವರಾಗಿ ತೆಗೆಯುವವರೆಗೆ ನೀವು ತೆಗೆಯಬೇಡಿ. ಮೊದಲು ಅವರ ತಂದೆಯ ಹತ್ತಿರ ಕೂತುಕೊಳ್ಳಿ.

ಚೇರಂಬಾಣೆಯಿಂದ ಇವತ್ತು ಬೆಳಿಗ್ಗೆ ಫೋನ್ ಬಂದಿತ್ತು. ಕ್ಲೇಮ್ ಅರ್ಜಿ ಕೊಟ್ಟು ಬಂದಿದ್ದಾಳೆ, ಮೂರ್ನಾಡಿನವಳೇ ಜೊತೆಗೆ ಹೋಗಿದ್ದಳಂತೆ. ಹುತ್ತರಿಗೆ ಮೂರ್ನಾಡಿನ ಮನೆಯಲ್ಲಿ ಸೇರುವುದು ಅಂತ ಮೂವರೂ ನಿಶ್ಚಯ ಮಾಡಿದ್ದೇವೆ. ಆಗ ಘಾಟಿ ತೆರೆದೇ ಇರುತ್ತದೆ.

ಕೊಡ್ಲಿಪೇಟೆ_ಮೂಲ

ಫೋನ್ ಮಾಡಿದೆ. ಅವನ ಹೆಂಡತಿ ಎತ್ತಿದರು. ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾವ ನಿಮ್ಮನ್ನು ಕೇಳ್ತಾನೇ ಇರ್ತಾರೆ. ಭಾನುವಾರ ಹತ್ತು ಗಂಟೆ ಮೇಲೆ ಬನ್ನಿ, ಆ ಹೊತ್ತಿಗೆ ಎಚ್ಚರ ಇರ್ತಾರೆ" ಎಂದರು. ಏನು ತರಲಿ ಎಂದಾಗ ದೊಡ್ಡವರ ಡಯಾಪರ್ ಅಂದರು, ಅಲ್ಲಿನ ಅಂಗಡಿಯಲ್ಲಿ ಅಳತೆ ಸಿಗುವುದಿಲ್ಲವಂತೆ. ಅವನು ಪಕ್ಕದಲ್ಲೇ ಇದ್ದ ಅನ್ನಿಸುತ್ತದೆ. "ಕಾರಲ್ಲಿ ಬರ್ತಾನಾ, ಬಸ್ಸಲ್ಲಿ ಬರ್ತಾನಾ ಕೇಳು" ಅಂದದ್ದು ಕೇಳಿಸಿತು.

ಹೊಳೆನರಸೀಪುರದ ಮೇಲೆ ಬರುವುದಾ, ಕುಶಾಲನಗರದ ಮೇಲೆ ಬರುವುದಾ? ಈಗ ಯಾವುದು ಒಳ್ಳೆಯದು?

ಘಾಟಿ_ಚಾಲಕ

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಕೊಡ್ಲಿಪೇಟೆ, ಶನಿವಾರಸಂತೆ. ಘಾಟಿ ಒಂದೂ ಇಲ್ಲ. ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಡಿ, ಆರಾಮಾಗಿ ಹತ್ತಕ್ಕೆಲ್ಲ ತಲುಪುತ್ತೀರಿ. ಅರಕಲಗೂಡು ದಾಟಿದ ಮೇಲೆ ಮಳೆಗೆ ಅಲ್ಲಲ್ಲಿ ಗುಂಡಿ ಬಿದ್ದಿರುತ್ತದೆ, ನಿಧಾನ ಹೋಗಿ.